ದೇವರಿಗೆ ಕೊಬ್ಬರಿ ತಿನ್ನಿಸಿದ ಮಾವ

ನಮ್ಮ ಸೀಮೆಯಲ್ಲಿ ದೇವರಿಗೆ ಎಲ್ಲರೂ ತೆಂಗಿನಕಾಯಿ ಒಡೆಯುತ್ತಾರೆ. ಕೊಬ್ಬರಿ ತಿನ್ನಿಸಿದವನು ನನ್ನ ಸೋದರಮಾವ ಒಬ್ಬನೇ! ತಿಪಟೂರಿನ ಸುತ್ತಮುತ್ತ ಹಲ್ಲು ಸವೆದ ದೇವರು ಯಾವುದಾದರೂ ಇದ್ದರೆ ಅದಕ್ಕೆ ವಯಸ್ಸು ಕಾರಣವಲ್ಲ, ನಮ್ಮ ಮಾವ ಕಾರಣ.

ವಿಷಯ ಇಷ್ಟೆ. ಬೇರೆಯವರಿಗೆ ಆಕಳಿಕೆ ಬರುವಷ್ಟು ಸಲೀಸಾಗಿ ಮಾವನಿಗೆ ಹರಕೆ ಬರುತ್ತದೆ. ಹಸು ಗಬ್ಬವಾಗಲಿ ಅಂತ ಒಂದು ಹರಕೆ, ಗಬ್ಬವಾದರೆ ಹೆಣ್ಣುಗರು ಹಾಕಲಿ ಅಂತ ಇನ್ನೊಂದು. ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿ ಅಂತಲೂ ಹರಕೆ ಹೊತ್ತಿದ್ದಾನೆ ಎಂದು ಅತ್ತೆ ಆಣೆ ಮಾಡಿ ಹೇಳುತ್ತಾಳೆ. ಹೊತ್ತ ತಕ್ಷಣ ತೋಟದಿಂದ ಒಂದು ಕಾಯಿ ತಂದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ತಾನೇ ಏಣಿ ಹತ್ತಿ ಅಟ್ಟದ ಮೂಲೆಯಲ್ಲಿ ಇಟ್ಟು ಬರುತ್ತಾನೆ. ದೇವರಂತೂ ಮಾವನ ವಿಷಯದಲ್ಲಿ ಬಲು ಚುರುಕು. ಇವನು ಏಣಿ ಇಳಿಯುವಷ್ಟರಲ್ಲಿ ತನ್ನ ಪಾಲಿನ ಕೆಲಸ ಮುಗಿಸಿ ಕೈ ತೊಳೆದುಕೊಂಡಿರುತ್ತಾನೆ. ಆಮೇಲೆ ಮಾವನ ಸರದಿ. ಅಲ್ಲಿಗೆ ಕಥೆ ನಿಂತಿತು! ಬರುವ ಸೋಮವಾರ ಹೋದರಾಯಿತು, ರಾಗಿ ಕುಯ್ದಾದ ಮೇಲೆ ಹೋದರಾಯಿತು, ಹಬ್ಬ ಕಳೆದು ಹೋದರಾಯಿತು. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿ ವರ್ಷ ತುಂಬುವಷ್ಟರಲ್ಲಿ ಒಳಗಿನ ನೀರೆಲ್ಲ ಆರಿ, ಉಂಡೆ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಉರುಳುತ್ತದೆ. ಊರಿಗೆ ಊರೇ ಬದುಕಿರುವುದು ಅದರಿಂದಲೇ. ಮಾರುವ ಕಾಯಿಗೆ ಒಂದು ನ್ಯಾಯ, ಹರಕೆಯ ಕಾಯಿಗೆ ಇನ್ನೊಂದು ನ್ಯಾಯ ಅಂತ ಅಟ್ಟಕ್ಕೆ ಗೊತ್ತೆ?

ಕಂದಿಕೆರೆ ಕಡೆಯ ದೇವಿಯೊಬ್ಬಳಿಗೆ ಹೆಣ್ಣುಗರುವಿನ ಹರಕೆಯ ಕಾಯಿ ತಲುಪುವ ಹೊತ್ತಿಗೆ ಆ ಕರುವೇ ಎರಡು ಸಲ ಈದಿತ್ತು. ಪೂಜಾರಿ ಕಾಯಿ ಒಡೆದರು. ಒಂದು ಹನಿ ನೀರಿಲ್ಲ. ಉಂಡೆ ಕೊಬ್ಬರಿ ಪುಟಿದು, ಉರುಳುತ್ತಾ ಹೋಗಿ ಹೊಸಿಲ ಹತ್ತಿರ ನಿಂತಿತು.

"ನೀರೆಲ್ಲಿ ಯಜಮಾನ್ರೇ?"

"ಇಷ್ಟ್ ವರ್ಷ ಕಾದವ್ಳೆ ತಾಯಿ. ಬಾಯಾರ್ಕೆಗೆ ಅವ್ಳೇ ಕುಡ್ದಿರ್ತಾಳೆ ಬುಡಿ," ಎಂದ ನಮ್ಮ ಮಾವ.

ಕಾಯಿಯ ಹರಕೆ ಹೀಗಾದರೆ ಬಿಡುವ ಹರಕೆ ಇನ್ನೊಂದು ಬಗೆ. ಕೊಳವೆಬಾವಿಯಲ್ಲಿ ನೀರು ಬಿದ್ದರೆ ಕಾಫಿ ಬಿಡುತ್ತೇನೆ ಅಂದುಬಿಟ್ಟ. ಮರುದಿನವೇ ನೀರು ಚಿಮ್ಮಿತು! ಮಾವ ಮೂರು ದಿನ ತಲೆನೋವಿನಿಂದ ಒದ್ದಾಡಿದ. ನಾಲ್ಕನೆಯ ದಿನ, ತಾನು ಬಿಟ್ಟಿದ್ದು ತನ್ನ ಮನೆಯ ಕಾಫಿಯನ್ನು ಮಾತ್ರ ಎಂಬುದು ಅವನಿಗೆ ನೆನಪಾಯಿತು. ಅವತ್ತಿನಿಂದ ಹನ್ನೊಂದು ವರ್ಷ, ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ, ಪಕ್ಕದ ಮನೆಯ ಜಗಲಿಯಲ್ಲಿ ಹಾಜರ್. ಕೊನೆಗೆ ಆ ಮನೆಯವರೇ ಮಾವನ ಹರಕೆ ಬಿಡಿಸಪ್ಪಾ ಎಂದು ದೇವರಿಗೆ ಹರಕೆ ಹೊತ್ತರಂತೆ.

ಇವನಿಗೆ ಇನ್ನೊಂದು ಹುಚ್ಚಿತ್ತು. ಅದನ್ನು ಅನುಭವಿಸಿದವಳು ನಾನೊಬ್ಬಳೇ. ನನ್ನನ್ನು ಕಂಡರೆ ಸಾಕು, ಎಲ್ಲಿದ್ದರೂ ಸರಿ, ಪಂಚೆ ಮೇಲೆ ಕಟ್ಟಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನು ತೋರಿಸಿ, "ಬಾರವ್ವ, ಹತ್ತು," ಎನ್ನುತ್ತಿದ್ದ. ಬೇಸಿಗೆ ರಜಕ್ಕೆ ನಾನು ತುರುವೇಕೆರೆಯಿಂದ ಬಂದಿಳಿದರೆ ಬಸ್ ನಿಲ್ದಾಣದಲ್ಲೇ ಕೂತುಬಿಡುತ್ತಿದ್ದ. ಹತ್ತು ವರ್ಷದ ಹುಡುಗಿ, ಜಡೆಗೆ ರಿಬ್ಬನ್ ಕಟ್ಟಿಕೊಂಡು ಠೀವಿಯಿಂದ ಇಳಿದವಳು, ಸಂತೆಗೆ ಬಂದವರೆಲ್ಲ ನೋಡುವಂತೆ ಮಾವನ ಹೆಗಲೇರಬೇಕೆ? ನಾನೇನು ಮಗುವೇ ಎಂದು ಸಿಡುಕಿ ಚೀಲ ಹಿಡಿದು ಮುಂದೆ ಓಡುತ್ತಿದ್ದೆ. ಹದಿನೇಳಾದರೂ ಬಿಡಲಿಲ್ಲ. ಮದುವೆಯ ದಿನ, ಧಾರೆ ಸೀರೆ ಉಟ್ಟು ನಿಂತಿದ್ದರೆ, ಮದುಮಗನ ಕಡೆಯವರ ಎದುರಿಗೇ ಪುಣ್ಯಾತ್ಮ ಕುಕ್ಕರಿಸಿಬಿಟ್ಟ! ಆ ದಿನ ನಾನು ಅವನೊಡನೆ ಮಾತೇ ಆಡಲಿಲ್ಲ. ನನ್ನ ಗಂಡ ಮಾತ್ರ, ಇದು ಹೆಣ್ಣಿನ ಕಡೆಯ ಶಾಸ್ತ್ರ ಇರಬೇಕು ಎಂದುಕೊಂಡು ಭಕ್ತಿಯಿಂದ ಅಕ್ಷತೆ ಹಾಕಿದರು.

ಈಗ ಮಾವನಿಗೆ ಎಪ್ಪತ್ತರ ಹತ್ತಿರ. ಹೋದ ವರ್ಷ ಎಡ ಮಂಡಿ ಕೈಕೊಟ್ಟಿತು. ಡಾಕ್ಟರು ಇನ್ನು ಏಣಿ ಮುಟ್ಟಕೂಡದು ಎಂದರು. ಮಂಡಿನೋವಿಗೆ ಹೆದರದ ಮಾವ ಈ ಮಾತಿಗೆ ಹೆದರಿಬಿಟ್ಟ. ಮನೆಗೆ ಬಂದವನೇ ಅಟ್ಟದ ಮೇಲಿದ್ದ ಹರಕೆಯ ಗಂಟುಗಳನ್ನೆಲ್ಲ ಆಳಿನ ಕೈಯಲ್ಲಿ ಇಳಿಸಿ, ನನ್ನನ್ನು ಕರೆಸಿದ. ನಾನು ತಿಪಟೂರಿನಲ್ಲಿ ಹೈಸ್ಕೂಲ್ ಮೇಡಂ. ನನಗೊಂದು ಸ್ಕೂಟರ್ ಇದೆ ಎಂಬುದೇ ನನ್ನ ಅರ್ಹತೆ.

"ಆ ದೇವ್ರು ಒಂದು ದಿನಾನೂ ನನ್ನ ಸತಾಯ್ಸಿಲ್ಲ ಕಣವ್ವ. ನಾನೇ ಅವ್ನ ಕಾಯ್ಸಿದೀನಿ. ಕಾಲಿರೋವಾಗ್ಲೇ ಕೊಟ್ಬುಡಾನ," ಎಂದ.

ಹೀಗೆ ಭಾನುವಾರಗಳೆಲ್ಲ ದೇವರ ಪಾಲಾದವು. ಹಿಂದೆ ಮಾವ, ಮುಂದೆ ಕಾಲ ಬಳಿ ಚೀಲ, ಹಳ್ಳ ಸಿಕ್ಕಿದಾಗಲೆಲ್ಲ ಚೀಲದೊಳಗೆ ಕೊಬ್ಬರಿಗಳ ಗಡಗಡ ಭಜನೆ. ಶೆಟ್ಟಿಕೆರೆ ಮುಗಿಸಿ ಅರಳಗುಪ್ಪೆಗೆ ಹೋದಾಗ ಯಾವ ಗಂಟು ಯಾವ ದೇವರದ್ದು ಎಂಬುದೇ ಮಾವನಿಗೆ ಮರೆತುಹೋಯಿತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಒಂದನ್ನು ಮುಂದಿಟ್ಟು ಕೈಮುಗಿದು, ಇದು ನಿಂದಲ್ಲದಿದ್ದರೆ ಯಾರದ್ದೋ ಅವರಿಗೆ ತಲುಪಿಸಿಬಿಡಪ್ಪ ಎಂದು ಒಪ್ಪಿಸಿದ. ದೇವರನ್ನು ಹೀಗೆ ಪೋಸ್ಟ್‌ಮ್ಯಾನ್ ಮಾಡಿದವರನ್ನು ನಾನು ಬೇರೆ ನೋಡಿಲ್ಲ!

ಕೊನೆಗೆ ಉಳಿದದ್ದು ಒಂದೇ ಗಂಟು. ಅದು ನನ್ನದು.

ನನಗೆ ನಾಲ್ಕು ವರ್ಷವಿದ್ದಾಗ, ಅಜ್ಜಿಯ ಮನೆಯಲ್ಲಿ ಹನ್ನೆರಡು ದಿನ ಬಿಡದೆ ಜ್ವರ ಕಾದಿತ್ತಂತೆ. ಮಾವ ಆಗಿನ್ನೂ ಮದುವೆಯಾಗದ ಹುಡುಗ. ಊರ ಮುಂದಿನ ಬಸವಣ್ಣನಿಗೆ ಹರಕೆ ಹೊತ್ತ. ಮರುದಿನ ಜ್ವರ ಇಳಿಯಿತು. ಇಷ್ಟು ನನಗೂ ಗೊತ್ತಿತ್ತು; ಹರಕೆ ಏನೆಂದು ಮಾತ್ರ ಗೊತ್ತಿರಲಿಲ್ಲ. ಈಗ ಮಾವ ಬಾಯಿಬಿಟ್ಟ: ಮಗುವನ್ನು ಹೆಗಲ ಮೇಲೆ ಹೊತ್ತು ಗುಡಿಗೆ ಮೂರು ಸುತ್ತು ಬಂದು, ಕಾಯಿ ಒಡೆಸುವುದು.

ಮಗುವಿಗೆ ಈಗ ನಲವತ್ತಾರು ವರ್ಷ. ತೂಕ ಎಪ್ಪತ್ತೆರಡು ಕೆಜಿ.

ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡೆ. ಅತ್ತೆ ನಗಲಿಲ್ಲ. ಮಗುವಿನ ಹರಕೆಯನ್ನೂ ನಲವತ್ತೆರಡು ವರ್ಷ ಬಾಕಿ ಇಟ್ಟ ಗಂಡಸು ಇನ್ನೆಲ್ಲಾದರೂ ಉಂಟೇ ಎಂದು ಬೈದಳು. ನಾನೂ ದನಿಗೂಡಿಸಿದೆ. ಆಗ ನಾನು ಹನ್ನೆರಡು ಕೆಜಿ ಇದ್ದಿರಬೇಕು, ನಿನಗೆ ಎತ್ತಿನಂಥ ಹೆಗಲಿತ್ತು, ಏನು ರೋಗ ಬಂದಿತ್ತು ಮಾವ ಎಂದೆ. ಅವನು ನೆಲ ನೋಡುತ್ತಾ, "ಏನೋ ಕೆಲ್ಸ ಇತ್ತು ಕಣವ್ವ," ಎಂದ.

ಮುಂದಿನ ವಾರ ಅತ್ತೆಯ ಫೋನು. ಮಾವ ಬೆಳಿಗ್ಗೆ ಎದ್ದು ಚೀಲಕ್ಕೆ ಹತ್ತು ಕಾಯಿ ತುಂಬಿ, ಹೆಗಲ ಮೇಲೆ ಹೊತ್ತು, ಅಂಗಳ ಸುತ್ತುತ್ತಿದ್ದಾನೆ. ದಿನಕ್ಕೊಂದು ಕಾಯಿ ಏರಿಸುತ್ತಿದ್ದಾನೆ. ಸಾಲದ್ದಕ್ಕೆ ಚೀಲಕ್ಕೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾನೆ! ಫೋನಿನಲ್ಲೇ ಬೈದರೆ ಮಾವ ಚೌಕಾಸಿಗಿಳಿದ. ತಾನು ದಿನಕ್ಕೊಂದು ಕಾಯಿ ಏರಿಸುತ್ತಾನಂತೆ, ನಾನು ದಿನಕ್ಕೊಂದು ಚಪಾತಿ ಇಳಿಸಬೇಕಂತೆ, ನಡುವೆ ಎಲ್ಲೋ ಸೇರೋಣವಂತೆ. ಪ್ರತಿದಿನ ಸಂಜೆ ನನ್ನ ತೂಕ ಕೇಳುತ್ತಿದ್ದ. ನಾನು ಎರಡು ಕೆಜಿ ಸುಳ್ಳು ಹೇಳುತ್ತಿದ್ದೆ. ಹದಿನೆಂಟನೆಯ ಕಾಯಿಗೆ ಮಂಡಿ ಊದಿಕೊಂಡಿತು. ಚೀಲ ಅಂಗಳದಲ್ಲೇ ಉಳಿಯಿತು. ಮಾವ ಮಾತು ಬಿಟ್ಟ, ಊಟ ಅರ್ಧ ಮಾಡಿದ. ಇಷ್ಟು ಹೊತ್ತು ನಗುತ್ತಿದ್ದ ನನಗೆ ಆಗ ಮೊದಲ ಸಲ ಭಯವಾಯಿತು. ಇವನಿಗೆ ಇದು ತಮಾಷೆಯಲ್ಲ. ಇದೊಂದು ಮಾತು ಉಳಿದುಹೋದರೆ ಇವನು ನೆಮ್ಮದಿಯಾಗಿ ಇರಲಾರ.

ಮುಂದಿನ ಭಾನುವಾರ ನಾನೇ ಅವನನ್ನೂ ಅತ್ತೆಯನ್ನೂ ಬಸವಣ್ಣನ ಗುಡಿಗೆ ಕರೆದುಕೊಂಡು ಹೋದೆ. ಪೂಜಾರಿ ಮಾವನ ಜೊತೆ ಸ್ಲೇಟು ಹಿಡಿದವರು. ಗಂಟನ್ನು ಅವರ ಕೈಗಿತ್ತು, ನಲವತ್ತೆರಡು ವರ್ಷದ ಸರಕು, ಒಳಗೆ ಬರೀ ಪುಡಿ ಇರುತ್ತದೆ, ಜೋಪಾನ ಎಂದೆ. ಪೂಜಾರಿ ಬಟ್ಟೆ ಬಿಚ್ಚಿ, ಸಿಪ್ಪೆ ಸುಲಿದು, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕಿವಿಗೂ ಹಿಡಿದರು. ಗಡಗಡ ಅನ್ನಲಿಲ್ಲ. ಒಳಗೆ ನೀರು ಕುಲುಕಿತು.

"ಏನ್ ತಿಳ್ಕೊಂಡಿದೀಯವ್ವ? ಬ್ಯಾರೆ ಕಾಯೆಲ್ಲ ಕೊಬ್ರಿ ಮಾಡ್ದ. ಇದೊಂದ್ರ ನೀರು ಆರೋಕೆ ಬುಡ್ಲಿಲ್ಲ ನಿಮ್ಮಾವ. ವರ್ಷಾ ವರ್ಷಾ ಅಟ್ಟ ಹತ್ತಿ ಹೊಸ ಕಾಯಿ ಕಟ್ಟೋನು. ಹಳೇದ್ನ ಇಲ್ಲಿಗ್ ತಂದು ಒಡ್ಸಿ, ಈ ವರ್ಷಾನೂ ಮಗ ಒಪ್ಲಿಲ್ಲ ಕಣಪ್ಪ ಅಂತ ಬಸವಣ್ಣಂಗೆ ಹೇಳೋನು."

ನಾನು ಒಪ್ಪಲಿಲ್ಲವೇ? ಉಳಿದದ್ದನ್ನೂ ಪೂಜಾರಿಯೇ ಹೇಳಿದರು. ಜ್ವರ ಬಿಟ್ಟ ತಿಂಗಳಲ್ಲೇ ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡಿಗೆ ಬಂದಿದ್ದನಂತೆ. ಮೊದಲ ಮೂಲೆ ತಿರುಗುವಷ್ಟರಲ್ಲಿ ನಾನು ಅವನ ಕಿವಿ ಕಚ್ಚಿ, ನಾನೇ ನಡೀತೀನಿ ಎಂದು ರಂಪ ಮಾಡಿ ಇಳಿದು, ಮೂರು ಸುತ್ತನ್ನೂ ನನ್ನ ಕಾಲಲ್ಲೇ ಸುತ್ತಿದೆನಂತೆ. ಬಲವಂತವಾಗಿ ಎತ್ತಿಕೊಂಡು ಮುಗಿಸಿಬಿಡು ಎಂದರೆ ಮಾವ ಒಪ್ಪಲಿಲ್ಲ. ಬಲವಂತಕ್ಕೆ ಹೊತ್ತರೆ ಅದು ಹರಕೆಯಲ್ಲ, ಮೂಟೆ ಎಂದನಂತೆ. ಮಗುವಿನಿಂದ ಹರಕೆ ತಪ್ಪಿತು ಎಂಬ ಮಾತು ಯಾರ ಬಾಯಲ್ಲೂ ಬರಬಾರದು, ತಾನೇ ಮರೆತ ಅಂತ ಇರಲಿ ಎಂದು ಪೂಜಾರಿಯಿಂದ ಆಣೆ ಹಾಕಿಸಿಕೊಂಡಿದ್ದನಂತೆ. ಅತ್ತೆಗೂ ಹೇಳಿರಲಿಲ್ಲ. ಬಸ್ ನಿಲ್ದಾಣ, ಮದುವೆಯ ಮನೆ, ಅವನು ಕುಕ್ಕರಿಸಿ ಬೆನ್ನು ತೋರಿಸಿದ ಜಾಗಗಳೆಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ತಪ್ಪು ಹುಡುಕುವ ಮೇಡಂ ನಾನು! ಇಷ್ಟು ವರ್ಷ ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಮಾವ ಮಾತ್ರ ಪೂಜಾರಿಯನ್ನು ದುರುಗುಟ್ಟಿ ನೋಡಿದ. ಆಮೇಲೆ ಅಭ್ಯಾಸಬಲದಿಂದ ಕುಕ್ಕರಿಸಲು ಹೋಗಿ, ಮಂಡಿ ಮಡಚಲಾರದೆ ಗೋಡೆ ಹಿಡಿದುಕೊಂಡ.

ಹೆಗಲ ಮೇಲೆ ಕಾಲೇ ಇರಬೇಕು ಎಂದು ಬಸವಣ್ಣ ಕೇಳಲಿಲ್ಲವಲ್ಲ, ತಲೆ ಇಟ್ಟು ಭಾರ ಹಾಕಿದರೂ ಹೊತ್ತಂತೆಯೇ ಎಂದು ಪೂಜಾರಿ ತೀರ್ಪು ಕೊಟ್ಟರು. ನಾನು ಮಾವನ ಕುತ್ತಿಗೆಗೆ ತೋಳು ಹಾಕಿ, ಹೆಗಲ ಮೇಲೆ ತಲೆ ಇಟ್ಟೆ. ಬೆವರು, ಎಲೆಯಡಿಕೆ, ಕೊಬ್ಬರಿ ಎಣ್ಣೆಯ ವಾಸನೆ. ಹೊರಟೆವು. ಅವನ ಮಂಡಿ ನೆನೆದು ನಾನು ಭಾರವನ್ನೆಲ್ಲ ನನ್ನ ಕಾಲ ಮೇಲೇ ಇಟ್ಟುಕೊಂಡು ಕಳ್ಳಿಯ ಹಾಗೆ ಹೆಜ್ಜೆ ಹಾಕುತ್ತಿದ್ದೆ. ಮೊದಲ ಮೂಲೆಯಲ್ಲಿ ಮಾವ ನಿಂತ.

"ಭಾರಾನೇ ಇಲ್ವಲ್ಲ. ಇನ್ನೂ ನೀನೇ ನಡೀತಿದೀಯ ಕಣವ್ವ."

"ನಿನ್ನ ಮಂಡಿ, ಮಾವ..."

"ಮಂಡಿ ನಂದು, ಹರಕೇನೂ ನಂದು. ನೀನು ಭಾರ ಬುಡು."

ಕಣ್ಣು ಮುಚ್ಚಿಕೊಂಡು ಭಾರ ಬಿಟ್ಟೆ. ನನಗೆ ಗೊತ್ತಿರುವಂತೆ ಯಾರ ಮೇಲೂ ನಾನು ಅಷ್ಟು ಭಾರ ಬಿಟ್ಟವಳಲ್ಲ. ಮಾವನ ಮಂಡಿ ಕಟಕ್ ಎಂದಿತು. ಹಿಂದೆ ಬರುತ್ತಿದ್ದ ಅತ್ತೆ, ಇವರು ಬೀಳದಿದ್ದರೆ ಒಂದು ಕಾಯಿ ಒಡೆಸುತ್ತೇನಪ್ಪ ಎಂದು ಅಲ್ಲೇ ಹೊಸ ಹರಕೆ ಹೊತ್ತಳು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಒಂದು ಸುತ್ತಾಯಿತು, ಎರಡಾಯಿತು, ಮೂರೂ ಆಯಿತು.

ಮಾವ ಬೀಳಲಿಲ್ಲ.