ಟ್ರಯಲ್‌ಗೆ ಕೊಟ್ಟ ಮುಡಿ

ನಮ್ಮ ಮನೆಗೆ ಕಷ್ಟ ಕಳಿಸುವಾಗೆಲ್ಲ ಆ ವೆಂಕಟರಮಣಸ್ವಾಮಿ ಜೊತೆಗೊಂದಿಷ್ಟು ನಗುವನ್ನೂ ಬುತ್ತಿ ಕಟ್ಟಿ ಕಳಿಸುತ್ತಾನೆ. ಕ್ಯಾಸಂಬಳ್ಳಿಯ ಹತ್ತಿರ ಹಸು ಕಟ್ಟಿಕೊಂಡು ಬದುಕುವವರು ನಾವು. ನಮ್ಮ ಯಜಮಾನರ ಲಿವರಿನಲ್ಲಿ ಗಡ್ಡೆ ಇದೆ, ಕುಯ್ದು ತೆಗೆಯುವ ಹಾಗಿಲ್ಲ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ ಮೇಲೂ ಈ ಬುತ್ತಿ ತಪ್ಪಲಿಲ್ಲ.

ಹೊಟ್ಟೆಯ ದಾರಿ

ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಬಿಟ್ಟು, ವಿಕಿರಣ ತುಂಬಿದ ಪುಟ್ಟ ಪುಟ್ಟ ಮಣಿಗಳನ್ನು ನೇರವಾಗಿ ಗಡ್ಡೆಗೇ ಕಳಿಸುತ್ತಾರಂತೆ. ಅದಕ್ಕೂ ಮುಂಚೆ ಒಂದು ದಿನ ಟ್ರಯಲ್. ರಕ್ತ ಎಲ್ಲೆಲ್ಲಿ ಹರಿಯುತ್ತದೆಂದು ನೋಡಿ, ಹೊಟ್ಟೆಯ ಕಡೆ ತಿರುಗುವ ಕವಲಿದ್ದರೆ, ಮಣಿಗಳು ಅತ್ತ ಹೋಗದ ಹಾಗೆ ಮುಚ್ಚುತ್ತಾರೆ. ಆಮೇಲೆ ಮಣಿಗಳ ಬದಲು ಬೇರೇನೋ ಬಿಟ್ಟು, ಶ್ವಾಸಕೋಶಕ್ಕೆ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ. ಜಾಸ್ತಿ ಸೋರಿದರೆ ಈ ಚಿಕಿತ್ಸೆ ಮಾಡುವ ಹಾಗೇ ಇಲ್ಲ. ನಾನು ಸೆರಗಿನೊಳಗೆ ತುಳಸಿ ಮಣಿ ಹಿಡಿದುಕೊಂಡೆ. ಯಜಮಾನರ ಯೋಚನೆ ಮಾತ್ರ ಬೇರೆ ಕಡೆ ಇತ್ತು.

“ಒಟ್ಟೆ ದಾರಿ ಮುಚ್ಬುಟ್ರೆ ಮುದ್ದೆ ಎಂಗೆ ಉಣ್ಣಾದು ಸಾರ್?”

ಮುಚ್ಚುವುದು ರಕ್ತದ ಒಂದು ಕವಲನ್ನು, ಊಟದ ದಾರಿಯನ್ನಲ್ಲ. ಹೊಟ್ಟೆಗೆ ಬೇರೆ ಕವಲುಗಳಿಂದ ರಕ್ತ ಬರುತ್ತದೆ ಎಂದರು ಡಾಕ್ಟರು.

“ಅಂಗಾದ್ರೆ ಮುಚ್ಚಿ ಸಾರ್, ನಂದೇನೂ ಅಡ್ಡಿಯಿಲ್ಲ” ಎಂದು ಇವರು ಅಪ್ಪಣೆ ಕೊಟ್ಟರು.

ಬಿಗಿಹಿಡಿದ ಉಸಿರು

ಇದು ನಾನು ಕಂಡದ್ದಲ್ಲ, ನರ್ಸಮ್ಮ ನಗುತ್ತಾ ಹೊರಗೆ ಬಂದು ಹೇಳಿದ್ದು. ಟ್ರಯಲ್ ದಿನ ಯಜಮಾನರು ಎಚ್ಚರವಿರುವಾಗಲೇ ನಳಿಕೆ ಬಿಟ್ಟಿದ್ದರು. ಚಿತ್ರ ತೆಗೆಯುವಾಗ ಉಸಿರು ಬಿಗಿಹಿಡಿಯಬೇಕು, ಅಲ್ಲಾಡಬಾರದು. ನಮ್ಮೂರ ಶನಿವಾರದ ಭಜನೆಯಲ್ಲಿ ಮೊದಲ ಗಂಟಲು ಇವರದೇ. ಉಸಿರು ಹಿಡಿದರು, ಒಳಗೊಳಗೇ ಸ್ವಾಮಿಯನ್ನು ನೆನೆದರು. “ಬಿಡಿ” ಎಂದ ಕೂಡಲೇ ಉಸಿರಿನ ಜೊತೆ ಬಾಯಿಂದ ಹೊರಟೇಬಿಟ್ಟಿತು: “ಗೋವಿಂದಾ…”

ಭಜನೆಯಲ್ಲಿ ಒಬ್ಬರು ಕೂಗಿದರೆ ಉಳಿದವರು ಸುಮ್ಮನಿರುವುದುಂಟೆ? ನರ್ಸು, ಯಂತ್ರ ನೋಡುವವರು, ನಳಿಕೆ ಹಿಡಿದ ಡಾಕ್ಟರು, ಎಲ್ಲರೂ ಒಟ್ಟಿಗೆ “ಗೋವಿಂದ” ಎಂದುಬಿಟ್ಟರಂತೆ. ಆಮೇಲೆ ಡಾಕ್ಟರು ಮೆಲ್ಲಗೆ, “ಇನ್ಮೇಲೆ ಮನಸ್ಸಲ್ಲೇ ಅನ್ನಿ ಯಜಮಾನ್ರೇ. ಇಲ್ಲಿ ನಮ್ಮ ಕೈಯೂ ಮೇಲೇಳ್ತದೆ” ಎಂದರಂತೆ.

ಹರಕೆ

ಚಿಕಿತ್ಸೆ ನೆರವೇರಿದರೆ ನಮ್ಮೂರ ಹತ್ತಿರದ ಬಂಗಾರು ತಿರುಪತಿಯ ಸ್ವಾಮಿಗೆ ಮುಡಿ ಕೊಡುತ್ತೇವೆಂದು ನಾನು ಹರಕೆ ಹೊತ್ತಿದ್ದೆ. ಯಜಮಾನರ ತಲೆಯಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಊರಿಗಾಂನಲ್ಲಿದ್ದುಕೊಂಡು ಫ್ಯಾಕ್ಟರಿಗೆ ಹೋಗುವ ನನ್ನ ಮೈದುನ, “ನಂದು ಕೊಡ್ತೀನಿ ಬುಡು ಅತ್ಗೆ” ಎಂದ. ಸಣ್ಣ ಮಾತಲ್ಲ. ಬಣ್ಣ ಹಚ್ಚಿ, ಎಣ್ಣೆ ತೀಡಿ, ಗಳಿಗೆಗೊಮ್ಮೆ ಜೇಬಿನ ಬಾಚಣಿಗೆ ತೆಗೆದು ಬಾಚಿ, ಮಗುವಿನಂತೆ ಸಾಕಿದ ಕೂದಲು ಅದು.

ಟ್ರಯಲ್‌ನ ಫಲ ಬಂತು. ಶ್ವಾಸಕೋಶಕ್ಕೆ ಸೋರುವುದು ತೀರಾ ಕಡಿಮೆ, ಚಿಕಿತ್ಸೆ ಮಾಡಬಹುದು ಎಂದರು. ಮೈದುನನಿಗೆ ಫೋನ್ ಮಾಡಿ, “ಆಯ್ತಪ್ಪ, ಸ್ವಾಮಿ ಕೈ ಬಿಡಲಿಲ್ಲ” ಎನ್ನುವಷ್ಟರಲ್ಲಿ ಅಳು ಬಂದು ಫೋನ್ ಇಟ್ಟುಬಿಟ್ಟೆ.

ಮಾರನೆಯ ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದರೆ, ಮೈದುನ ನುಣ್ಣನೆ ತಲೆಗೆ ಗಂಧ ಮೆತ್ತಿಕೊಂಡು, ಕೈಯಲ್ಲಿ ಪ್ರಸಾದ ಹಿಡಿದು ನಿಂತಿದ್ದಾನೆ.

ಯಜಮಾನರು ಅವನ ತಲೆ ಸವರಿದರು. “ಇನ್ನೂ ಔಸ್ದಿ ಬುಟ್ಟಿಲ್ಲ ಕಣ್ಲಾ. ಇದು ಬರೀ ಟ್ರಯಲ್ಲು.”

ಮೈದುನ ಜೇಬಿನಿಂದ ಬಾಚಣಿಗೆ ತೆಗೆದ, ಅದನ್ನೇ ನೋಡಿದ, ಮತ್ತೆ ಜೇಬಿಗಿಟ್ಟುಕೊಂಡ.

ನಿಜವಾದ ಚಿಕಿತ್ಸೆ ಆಮೇಲೆ ನಡೆಯಿತು. ಕೆಲವು ವಾರ ಬಿಟ್ಟು ಸ್ಕ್ಯಾನ್ ಮಾಡಿಸಲು ಹೋದಾಗ ಮೈದುನನೂ ಜೊತೆಗೆ ಬಂದ. ನಾನು ಸೆರಗಿನೊಳಗೆ ತುಳಸಿ ಮಣಿ ಎಣಿಸುತ್ತಾ ಕೂತಿದ್ದೆ. ಡಾಕ್ಟರು ಚಿತ್ರ ನೋಡಿ, ಗಡ್ಡೆ ಚೆನ್ನಾಗಿ ಕುಗ್ಗಿದೆ, ಧೈರ್ಯವಾಗಿರಿ, ಆಗಾಗ ಬಂದು ತೋರಿಸಿ ಎಂದರು. ಕೂತಲ್ಲೇ ಕೈಮುಗಿದೆ. ಯಜಮಾನರು ಈ ಸಲ ಮನಸ್ಸಲ್ಲೇ ಗೋವಿಂದ ಎಂದರು, ತುಟಿ ಅಲ್ಲಾಡಿದ್ದು ಕಂಡೆ.

ಮೈದುನ ಮಾತ್ರ ಮುಂದೆ ಬಗ್ಗಿ, “ಇದು ನಿಜವಾದ್ದೇನಾ ಸಾರ್?” ಎಂದು ಕೇಳಿ ಖಾತ್ರಿ ಮಾಡಿಕೊಂಡ. ಡಾಕ್ಟರು ಹೌದೆಂದ ಮೇಲೆ, ಬೆರಳಗಲ ಬೆಳೆದಿದ್ದ ಕೂದಲನ್ನು ಸವರಿಕೊಳ್ಳುತ್ತಾ ನನ್ನ ಕಡೆ ತಿರುಗಿದ.

“ಟ್ರಯಲ್‌ಗೆ ನಿಜವಾದ ಮುಡಿ ಕೊಟ್ಬುಟ್ಟೆ ಅತ್ಗೆ. ಈಗ ನಿಜವಾದ್ದಕ್ಕೆ ಕೊಡಾಕೆ ಟ್ರಯಲ್ ಮುಡಿ ಅಷ್ಟೇ ಐತೆ. ಸ್ವಾಮಿ ಒಪ್ತಾನಾ?”