ಹನ್ನೊಂದು ಸೆಕೆಂಡಿನ ಗುನುಗು

ಸೌಂಡಪ್ಪನಿಗೆ ಹೆದರಿಕೆಯಾದರೆ ಮೂಗಿನಿಂದ ಹಾಡು ಬರುತ್ತಿತ್ತು. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಬೆವರು, ಇವನಿಗೆ ಹಾಡು. ಚಿಕ್ಕಂದಿನಲ್ಲಿ ಅಮ್ಮ ಕತ್ತಲ ಕೋಣೆಯಿಂದ ಚೊಂಬು ತರಲು ಕಳಿಸಿದಾಗ ಹಿಡಿದ ರೋಗ, ನಲವತ್ತೆಂಟಾದರೂ ಬಿಟ್ಟಿರಲಿಲ್ಲ. ಬಾಯಿ ಮುಚ್ಚಿಯೇ ಇರುತ್ತಿತ್ತು. ಒಳಗೆಲ್ಲೋ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಎಂದು ಶುರುವಾಗಿ, ಕೊನೆಗೆ ಯಾವುದಾದರೂ ಸಿನಿಮಾ ಹಾಡಿನ ದಾರಿ ಹಿಡಿಯುತ್ತಿತ್ತು. ಅವನಿಗೆ ಮಾತ್ರ ಅದು ಗೊತ್ತೇ ಆಗುತ್ತಿರಲಿಲ್ಲ. ಹೆಂಡತಿ ಮೊಣಕೈಯಿಂದ ತಿವಿದ ಮೇಲೆ ಗೊತ್ತಾಗುವುದು.

ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡ ಕೆಲಸ ಟೀವಿ ಧಾರಾವಾಹಿಗಳಿಗೆ ಧ್ವನಿ ರೆಕಾರ್ಡು ಮಾಡುವುದು. "ಎಲ್ಲರೂ ಸುಮ್ನಿರಿ" ಎಂದು ಕೂಗುವ ಅಧಿಕಾರ ಇಡೀ ಸ್ಟುಡಿಯೋದಲ್ಲಿ ಇದ್ದದ್ದು ಇವನೊಬ್ಬನಿಗೆ.

ಆ ದಿನ ಬೆಳಗ್ಗೆ ಒಂಬತ್ತಕ್ಕೆ ಅವನನ್ನು ಎಡಿಟಿಂಗ್ ಕೋಣೆಗೆ ಕರೆಸಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೂರು ಜನ ಇದ್ದರು: ಸ್ಟುಡಿಯೋದ ಧಣಿ, ಎಡಿಟರ್ ಕತ್ತರಿ, ಲೈಸೆನ್ಸ್ ಮೇಡಂ. ಧಾರಾವಾಹಿಯಲ್ಲಿ ಯಾರ ಹಾಡು ಎಷ್ಟು ಸೆಕೆಂಡು ಬಂತು, ಅದಕ್ಕೆ ಯಾರಿಗೆ ಎಷ್ಟು ತೆರಬೇಕು ಎಂದು ನೋಡುವುದೇ ಮೇಡಂ ಕೆಲಸ. ಪಕ್ಕದ ಮನೆಯ ರೇಡಿಯೋ ಶೂಟಿಂಗಿನಲ್ಲಿ ಕೇಳಿಸಿದರೂ ಅವರಿಗೆ ಜ್ವರ ಬರುತ್ತಿತ್ತು.

ಕತ್ತರಿ ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಅತ್ತೆ ಸತ್ತಿದ್ದಳು, ಸೊಸೆ ಅವಳ ಕಾಲ ಬಳಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆ ಬಿಕ್ಕಿನ ಸಂದಿಯಲ್ಲಿ ಯಾರೋ ನೆಮ್ಮದಿಯಾಗಿ ಗುನುಗುತ್ತಿದ್ದರು. ಆ ವರ್ಷ ಊರೆಲ್ಲ ಹಾಡುತ್ತಿದ್ದ ಸಿನಿಮಾ ಹಾಡು.

"ಹನ್ನೊಂದು ಸೆಕೆಂಡು" ಅಂದರು ಮೇಡಂ.

ಅದು ತನ್ನದೇ ಗುನುಗೆಂದು ಸೌಂಡಪ್ಪನಿಗೆ ಗೊತ್ತಾಯಿತು. ತನ್ನ ಮೂಗು ತನಗೆ ತಿಳಿಯದೇ? ಶೂಟಿಂಗ್ ದಿನ ಧಣಿ ಸೆಟ್ಟಿಗೆ ಬಂದು ಅವನ ಬೆನ್ನ ಹಿಂದೆಯೇ ನಿಂತಿದ್ದರು. ಹೆಡ್‌ಫೋನಿನಲ್ಲಿ ತನ್ನ ಎದೆಬಡಿತ ಬಿಟ್ಟು ಬೇರೇನೂ ಅವನಿಗೆ ಕೇಳಿಸಿರಲಿಲ್ಲ.

ಆ ಹಾಡಿನ ಕಂಪನಿ ಎಂದರೆ ಇಡೀ ಊರಿನ ಟೀವಿಯವರು ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು. ಒಬ್ಬ ನಿರ್ಮಾಪಕರ ಸಿನಿಮಾದಲ್ಲಿ ಪಂಜರದ ಗಿಳಿಯೊಂದು ಅವರ ಹಾಡಿನ ಒಂದೂವರೆ ಸಾಲು ಅಂದಿತ್ತಂತೆ. ಕಂಪನಿಯವರು ನೋಟಿಸು ಕಳಿಸಿ ಮನೆ ಬರೆಸಿಕೊಂಡರು, ಕಾರು ಬರೆಸಿಕೊಂಡರು, ಕೊನೆಗೆ ಗಿಳಿಯನ್ನೂ ಒಯ್ದರು. ಈಗ ಅದು ಅವರ ಆಫೀಸಿನಲ್ಲೇ ಇದೆ, ತುಟಿ ಪಿಟಕ್ಕೆನ್ನುವುದಿಲ್ಲ ಎಂದು ನೋಡಿ ಬಂದವರು ಹೇಳುತ್ತಾರೆ.

ಸೌಂಡಪ್ಪನಿಗೂ ಎರಡು ಕೋಣೆಯ ಒಂದು ಮನೆ ಇತ್ತು. ಸಾಲದ ಕೊನೆಯ ಕಂತು ಹೋದ ತಿಂಗಳಷ್ಟೇ ಮುಗಿದಿತ್ತು.

ಗುನುಗನ್ನು ಕತ್ತರಿಸೋಣವೆಂದರೆ ಅಳುವೂ ಅದೂ ಒಂದೇ ಮೈಕಿನಲ್ಲಿ ಹೆಣೆದುಕೊಂಡಿದ್ದವು. ಸೊಸೆಯನ್ನು ಕರೆಸಿ ಮತ್ತೆ ಅಳಿಸೋಣವೆಂದರೆ ಆಕೆ ಅಳುವುದಕ್ಕೆ ಮುಂದಿನ ತಿಂಗಳ ಡೇಟು ಕೊಟ್ಟು ಪರದೇಶಕ್ಕೆ ಹೋಗಿದ್ದಳು. ಮುಂದಕ್ಕೆ ಹಾಕೋಣವೆಂದರೆ 'ಇಂದು ಸಂಜೆ ಏಳೂವರೆಗೆ ಅತ್ತೆ ಸಾಯುತ್ತಾಳೆ' ಎಂದು ಊರ ಗೋಡೆಗಳಿಗೆಲ್ಲ ಪೋಸ್ಟರು ಅಂಟಿಸಿಯಾಗಿತ್ತು. ಮುನ್ನೂರು ಕಂತಿನಿಂದ ಕಾದ ಜನ ಕಲ್ಲು ಹೊಡೆಯದೆ ಬಿಡುತ್ತಿರಲಿಲ್ಲ.

"ಗುನುಗಿದವನು ಯಾರು ಅಂತ ಗೊತ್ತಾಗ್ಬೇಕು" ಅಂದರು ಧಣಿ, ಬಹಳ ಮೆತ್ತಗೆ. ಅವರು ಮೆತ್ತಗೆ ಮಾತಾಡಿದ ದಿನವೇ ಜನ ಕೆಲಸ ಕಳೆದುಕೊಳ್ಳುತ್ತಿದ್ದದ್ದು. "ದುಡ್ಡು ಅವನೇ ಕಟ್ತಾನೆ. ಆಗದಿದ್ರೆ ಅವನ ಮನೆ ಕಟ್ಟುತ್ತೆ. ಸೌಂಡಪ್ಪ, ಧ್ವನಿ ನಿಂಗೆ ಗೊತ್ತಾಗುತ್ತೆ. ಹುಡುಕು."

ಹೀಗೆ ಕಳ್ಳನ ಕೈಗೇ ಲಾಟೀನು ಬಂತು.

ಹತ್ತು ಗಂಟೆಗೆ, ಶೂಟಿಂಗ್ ದಿನ ಸೆಟ್ಟಿನಲ್ಲಿದ್ದ ಹದಿನಾಲ್ಕು ಜನರನ್ನೂ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೇ ಮೈಕಿನ ಮುಂದೆ ಬಂದು ಹನ್ನೊಂದು ಸೆಕೆಂಡು ಗುನುಗಬೇಕು. ಮೈಕು ಹಿಡಿದವನು ಸೌಂಡಪ್ಪ. ಮೈಕು ಹಿಡಿದವನನ್ನು ಸಾಲಿನಲ್ಲಿ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೇಕಪ್ಪಿನವನು ಗುನುಗಿದ, ಬಡಗಿ ಗುನುಗಿದ, ಸತ್ತ ಅತ್ತೆಯೂ ಬಂದು ಗುನುಗಿ ಹೋದಳು. ಮೂಗಿನ ಮೇಲೇ ಗಮನವಿಟ್ಟಿದ್ದ ಸೌಂಡಪ್ಪನಿಗೆ ಏಳನೆಯವನ ಹೊತ್ತಿಗೆ ಅದರ ಬುಡದಲ್ಲಿ ಜೇನುಹುಳ ಏಳುವುದು ಗೊತ್ತಾಯಿತು. ಅವನು ಒಂದು ಪೊಟ್ಟಣ ಬಿಸ್ಕತ್ತನ್ನು ಬಾಯಿಗೆ ತುರುಕಿಕೊಂಡು, ಉಳಿದ ಏಳು ಜನರನ್ನೂ ಕೆನ್ನೆ ಊದಿಸಿಕೊಂಡೇ ಮುಗಿಸಿ, ಯಾರದೆಂದು ಇನ್ನೂ ತಿಳಿಯುತ್ತಿಲ್ಲ ಎಂದು ಕೈಯಾಡಿಸಿದ. ಅವನ ಕಣ್ಣಲ್ಲಿ ನೀರು ಬಂದದ್ದು ನೋಡಿ, ಪಾಪ, ಇವನಿಗೆ ಸ್ಟುಡಿಯೋ ಮೇಲೆ ಎಷ್ಟು ಕಾಳಜಿ ಎಂದು ಧಣಿ ಕತ್ತರಿಯ ಹತ್ತಿರ ಅಂದರಂತೆ.

ಅಷ್ಟರಲ್ಲಿ ಇನ್ನೊಂದು ಅನಾಹುತ ಆಗಿತ್ತು. ಮೇಡಂ ನಿಯತ್ತಿನವರು. ಹನ್ನೊಂದು ಸೆಕೆಂಡಿಗೆ ಎಷ್ಟಾಗುತ್ತದೆ ಎಂದು ಆ ಹಾಡಿನ ಕಂಪನಿಗೇ ಒಂದು ಮೇಲ್ ಕಳಿಸಿಬಿಟ್ಟಿದ್ದರು, ಗುನುಗಿನ ತುಣುಕಿನ ಸಮೇತ. ರೇಟು ಕೇಳುವುದೂ ಒಂದೇ, ಹೌದು ಕದ್ದಿದ್ದೇವೆ ಎಂದು ಬರೆದುಕೊಡುವುದೂ ಒಂದೇ ಎಂದು ಕತ್ತರಿ ತಲೆ ಚಚ್ಚಿಕೊಂಡ. ಉತ್ತರ ಹತ್ತೇ ನಿಮಿಷದಲ್ಲಿ ಬಂತು. ಅದರಲ್ಲಿದ್ದ ಮೊತ್ತದಲ್ಲಿ ಧಣಿ ಇನ್ನೂ ನಾಲ್ಕು ಅತ್ತೆಯರನ್ನು ಹುಟ್ಟಿಸಿ, ಮದುವೆ ಮಾಡಿ, ಸಾಯಿಸಬಹುದಿತ್ತು. ಕೆಳಗೆ ಒಂದು ಸಾಲು: 'ನಮ್ಮ ಕಿವಿಯವರು ಸಂಜೆ ನಾಲ್ಕಕ್ಕೆ ಖುದ್ದಾಗಿ ಬರುತ್ತಾರೆ.'

ಈ ಕಿವಿಯವರನ್ನು ಯಾರೂ ನೋಡಿರಲಿಲ್ಲ, ಆದರೆ ಎಲ್ಲರೂ ಕೇಳಿದ್ದರು. ಗಿಳಿಯನ್ನು ಹಿಡಿದವರು ಅವರೇ.

ಮಧ್ಯಾಹ್ನ ಸೌಂಡಪ್ಪ ಊಟದ ಡಬ್ಬಿ ಬಿಚ್ಚದೆ ಹಳೆ ಪರದೆಗಳ ಹಿಂದೆ ಕುಳಿತಿದ್ದ. ಮೊದಲು ಮೇಕಪ್ಪಿನವನು ಬಂದು, ಅದು ತನ್ನದೇ ಇರಬಹುದು, ದಯವಿಟ್ಟು ಯಾರಿಗೂ ಹೇಳಬೇಡ ಎಂದು ಕೈಮುಗಿದ. ಆಮೇಲೆ ಬಡಗಿ ಅದನ್ನೇ ಹೇಳಿದ. ಹೆದರಿಕೆ ಎಲ್ಲರ ಮೂಗಿಗೂ ಏರಿತ್ತು. ಕೊನೆಗೆ ಬಂದವನು ಲೈಟಣ್ಣ. ಮೂವತ್ತು ವರ್ಷದಿಂದ ಏಣಿ ಹತ್ತಿ ದೀಪ ಹಿಡಿಯುವವನು, ದಿನವೆಲ್ಲ ಏನಾದರೂ ಹಾಡುವವನು. ಎಲ್ಲರ ಅನುಮಾನವೂ ಅವನ ಮೇಲೇ.

"ಸೌಂಡಪ್ಪ, ಧಣಿ ನನ್ ಹೆಸ್ರೇ ಬರ್ಕೊಂಡಿದ್ದಾರಂತೆ. ನಾನೇ ಇರ್ಬೇಕು ಕಣೋ. ಬಾಯಿ ಹಾಡೋದು ನಂಗೇ ಗೊತ್ತಾಗಲ್ಲ. ಮಗಳ ಮದುವೆ ಮುಗಿಯೋವರೆಗೆ ತಡ್ಕೊಳಕ್ಕೆ ಹೇಳ್ತೀಯಾ?"

ಸೌಂಡಪ್ಪನಿಗೆ ಮನೆಯೂ ಕಂಡಿತು, ಗಿಳಿಯೂ ಕಂಡಿತು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಲೈಟಣ್ಣ ಅವನ ಡಬ್ಬಿಯನ್ನು ತಾನೇ ಬಿಚ್ಚಿ, ತಿನ್ನು ಮಾರಾಯ, ನೀನ್ಯಾಕೆ ಒಣಗ್ತೀಯ ಎಂದು ಮುಂದಿಟ್ಟ. ಅದು ನಿನ್ನದಲ್ಲ ಎಂದಷ್ಟೇ ಹೇಳಲು ಸೌಂಡಪ್ಪನಿಗೆ ಸಾಧ್ಯವಾಯಿತು. ಮತ್ತೆ ಯಾರದು ಎಂದು ಲೈಟಣ್ಣ ಕೇಳಲಿಲ್ಲ. ದೇವರು ದೊಡ್ಡವನು.

ಹೆಂಡತಿಗೆ ಫೋನು ಮಾಡಿ, ಮನೆ ಪತ್ರ ಎಲ್ಲಿದೆ ಅಂದ. ಅವಳು, "ಯಾಕ್ರೀ ಗುನುಗ್ತಾ ಇದ್ದೀರಿ, ಏನಾಯ್ತು?" ಅಂದಳು. ಅವನು ಫೋನಿಟ್ಟುಬಿಟ್ಟ.

ನಾಲ್ಕಕ್ಕೆ ಸರಿಯಾಗಿ ಕಿವಿಯವರು ಬಂದರು. ಆನೆ ಕಿವಿ ಇರಬಹುದೆಂದು ಎಣಿಸಿದ್ದವರಿಗೆ ನಿರಾಸೆಯಾಯಿತು. ಒಣಕಲು ಮನುಷ್ಯ, ಹತ್ತಿ ತುರುಕಿದ್ದ ಸಣ್ಣ ಕಿವಿಗಳು. ಎಡಿಟಿಂಗ್ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ನಿಂತರು. ಅವರು ಹತ್ತಿ ತೆಗೆದು ಮೇಜಿನ ಮೇಲಿಟ್ಟು, ಹಾಕಿ ಎಂದು ಸನ್ನೆ ಮಾಡಿದರು. ಕತ್ತರಿ ಗುಂಡಿ ಒತ್ತಿದ. ಸೊಸೆ ಅತ್ತಳು, ಗುನುಗು ಬಂತು, ಹೋಯಿತು. ಕಿವಿಯವರು ಕಣ್ಣು ಮುಚ್ಚಿ ಕುಳಿತೇ ಇದ್ದರು. ಫ್ಯಾನು ಕೂಡ ಸದ್ದು ಮಾಡದೆ ತಿರುಗುತ್ತಿತ್ತು.

ಆ ಮೌನದಲ್ಲಿ ಗುನುಗು ಮತ್ತೆ ಕೇಳಿಸಿತು.

"ಆಫ್ ಮಾಡಪ್ಪಾ" ಅಂದರು ಧಣಿ.

"ಆಫ್ ಆಗಿದೆ ಸಾರ್" ಅಂದ ಕತ್ತರಿ.

ಹದಿನೇಳು ತಲೆಗಳು ಒಟ್ಟಿಗೆ ತಿರುಗಿದವು. ಲೈಟಣ್ಣ ಮೊಣಕೈಯಿಂದ ತಿವಿದಾಗಲೇ ಸೌಂಡಪ್ಪನಿಗೆ ಗೊತ್ತಾಗಿದ್ದು. ಇಪ್ಪತ್ತೆರಡು ವರ್ಷದ ನೌಕರಿ, ಎರಡು ಕೋಣೆ, ಒಂದು ಬಚ್ಚಲು, ಎಲ್ಲ ಮೂಗಿನಲ್ಲಿ ಹೊರಟುಹೋಗಿದ್ದವು.

"ನಿಲ್ಲಿಸ್ಬೇಡಿ, ಇನ್ನೊಂದ್ಸಲ" ಅಂದರು ಕಿವಿಯವರು. ನಿಲ್ಲಿಸುವುದು ಅವನ ಕೈಯಲ್ಲೂ ಇರಲಿಲ್ಲ. ಅವರು ಪೂರ್ತಿ ಕೇಳಿ, ಮತ್ತೆ ಹತ್ತಿ ತುರುಕಿಕೊಂಡರು. "ಇದು ನಮ್ ಹಾಡಲ್ಲ. ಮೂರನೇ ಸ್ವರ ಬೇರೆ ಎಲ್ಲಿಗೋ ಹೋಗುತ್ತೆ. ಐದನೇದು ಎಲ್ಲಿಗೂ ಹೋಗಲ್ಲ. ಇಷ್ಟು ಕೆಟ್ಟದಾಗಿ ಹಾಡಿದ್ರೆ ಅದು ಬೇರೆ ಹಾಡೇ ಆಗ್ಬಿಡುತ್ತೆ." ಹಾಗೆಂದು ಕಾಗದದ ಮೇಲೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಎದ್ದರು. ಬಾಗಿಲಲ್ಲಿ ನಿಂತು, ಗಿಳಿ ಇವರಿಗಿಂತ ಚೆನ್ನಾಗಿ ಹಾಡಿತ್ತು ಅಂದರು.

ಸೌಂಡಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಧಣಿ ಮಾತ್ರ ಆ ಕಾಗದವನ್ನು ಎರಡು ಸಲ ಓದಿ ಮೆತ್ತಗೆ ನಕ್ಕರು. ಕೇಳಿದವರಿಗೆಲ್ಲ ಆ ದೊಡ್ಡ ಹಾಡೇ ಅನ್ನಿಸುತ್ತದೆ, ಆದರೆ ಆ ಹಾಡಲ್ಲ ಎಂದು ಆ ಕಂಪನಿಯೇ ಮೊಹರು ಒತ್ತಿ ಕೊಟ್ಟಿದೆ. ಇಂಥದ್ದೊಂದಕ್ಕೆ ಟೀವಿಯವರೆಲ್ಲ ಹರಕೆ ಹೊತ್ತು ಕಾಯುತ್ತಿದ್ದರು. ಐದು ನಿಮಿಷದಲ್ಲಿ ಮೇಡಂ ಇನ್ನೊಂದು ಕಾಗದ ತಂದರು. ಸ್ಟುಡಿಯೋದ ಮೈಕು, ಸ್ಟುಡಿಯೋದ ಹೊತ್ತು, ಆದ್ದರಿಂದ ಈ ಗುನುಗು ಸ್ಟುಡಿಯೋದ್ದು. ಮನೆ ಉಳಿದ ಖುಷಿಯಲ್ಲಿ ಸೌಂಡಪ್ಪ ಓದದೆ ಮೂರು ಕಡೆ ಸಹಿ ಹಾಕಿದ. ಯಾರೋ ಅವನ ಬೆನ್ನು ತಟ್ಟಿದರು.

ಸಂಜೆ ಏಳೂವರೆಗೆ ಅವನು ತನ್ನದೇ ಮನೆಯಲ್ಲಿ, ತನ್ನದೇ ಕುರ್ಚಿಯಲ್ಲಿ, ಹೆಂಡತಿಯ ಪಕ್ಕ ಕುಳಿತು ಅತ್ತೆ ಸಾಯುವುದನ್ನು ನೋಡಿದ. ಗೋಡೆಯಾಚೆಯ ನೆರೆಯವರೂ ನೋಡುತ್ತಿದ್ದರು. ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಅದನ್ನೇ ಗುನುಗುತ್ತಾ ಇಳಿದರು. ಅವನಿಗೆ ಹೆಮ್ಮೆ ಎನಿಸಬೇಕು, ಅಷ್ಟರಲ್ಲಿ ಫೋನು ಬಂತು. ಲೈಸೆನ್ಸ್ ಮೇಡಂ.

ಆಗಲೇ ಮೂರು ಚಾನೆಲ್‌ನವರು ರೇಟು ಕೇಳಿದ್ದಾರೆ ಎಂದರು ಮೇಡಂ. ಧಣಿ ಹೇಳಿದ ರೇಟು ಕೇಳಿ ಸೌಂಡಪ್ಪ ಟೀವಿ ಆರಿಸಿದ. ಹಾಗಾಗಿ ಇನ್ನು ಮುಂದೆ ಅದನ್ನು ಸ್ಟುಡಿಯೋದ ಅನುಮತಿ ಇಲ್ಲದೆ ಯಾರೂ, ಎಲ್ಲೂ ಗುನುಗುವಂತಿಲ್ಲ. ಗುನುಗಿದರೆ ಅದೇ ರೇಟು. ಮನೆ, ಬಚ್ಚಲು, ರಸ್ತೆ ಎಲ್ಲವೂ ಬರೆದಿದೆ. "ಎರಡನೇ ಸಹಿ ಹಾಕಿದ್ರಲ್ಲ ಸೌಂಡಪ್ಪ, ಅದೇ ಇದು. ನಿಮಗೂ ಅನ್ವಯಿಸುತ್ತೆ. ಕಟ್ಟಕ್ಕೆ ಆಗದಿದ್ರೆ ಮನೆ ಅಂತ ಮೂರನೇದ್ರಲ್ಲಿದೆ. ಕೇಳ್ತಾ ಇದ್ದೀರಾ?"

ಸೌಂಡಪ್ಪ ಫೋನು ಕಿವಿಗೊತ್ತಿಕೊಂಡೇ ಎರಡು ಕೋಣೆಯನ್ನೂ ಒಂದು ಸಲ ನೋಡಿದ. ಫೋನಿನ ಆ ಕಡೆ ಮೇಡಂ ಏನೋ ಎಣಿಸುವುದು ಕೇಳಿಸಿತು.

ಹೆಂಡತಿ ಮೊಣಕೈಯಿಂದ ತಿವಿದಳು.

"ಹನ್ನೊಂದು ಸೆಕೆಂಡು" ಅಂದರು ಮೇಡಂ. "ಬರ್ಕೊಂಡೆ."