ಜಲ್ಲಿದಾರಿಯ ಜೋಡಿ ಸೈಕಲ್ಲು

ಗಂಡ ಹೆಂಡತಿ ಇಬ್ಬರನ್ನೂ ಒಂದೇ ಸೈಕಲ್ಲಿನ ಮೇಲೆ ಕೂರಿಸಿಬಿಟ್ಟರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ದಾರಿಗೆ ಅಡ್ಡ ನಿಲ್ಲುತ್ತವೆ. ಧಾರವಾಡದಲ್ಲಿ ಬಾಟನಿ ಬಿ.ಎಸ್ಸಿ ಓದುವಾಗ ನನ್ನ ಪ್ರಾಕ್ಟಿಕಲ್ ರೆಕಾರ್ಡನ್ನು ನಮ್ಮ ಮೇಡಂ ಉಳಿದವರಿಗೆ ಮಾದರಿಯಾಗಿ ತೋರಿಸುತ್ತಿದ್ದರು. ಬರೆದಿಡುವ ಆ ಚಟ ಇನ್ನೂ ಬಿಟ್ಟಿಲ್ಲ. ಈಗ ನಾವು ನೆಲೆಸಿರುವ ಪರದೇಶದ ಊರು ಲಿನ್‌ವುಡ್ಡಿನ ಮನೆಯಲ್ಲಿ ಸೈಕಲ್ಲಿಗೆಂದೇ ಒಂದು ನೋಟ್‌ಬುಕ್ ಇದೆ. ದೂರ, ಹವೆ, ಎಷ್ಟು ಸಲ ಬಿದ್ದೆವು, ತಪ್ಪು ಯಾರದು, ಹೀಗೆ ನಾಲ್ಕು ಕಾಲಂ. ಐದನೆಯದನ್ನು ನಮ್ಮ ಯಜಮಾನರು ಹಟ ಹಿಡಿದು ಹಾಕಿಸಿದರು: ಆಕ್ಷೇಪಣೆ.

ಅವರು ಪಕ್ಕದೂರು ಎವರೆಟ್ಟಿನಲ್ಲಿ ವಿಮಾನ ಕಟ್ಟುವ ಎಂಜಿನಿಯರ್ ಆಗಿದ್ದವರು. ವಾರವೆಲ್ಲ ರೆಕ್ಕೆಯ ಲೆಕ್ಕ, ರಜೆಯ ದಿನ ಸೈಕಲ್ಲು. ನಿವೃತ್ತರಾದ ಮೇಲೆ ಕಣ್ಣಿನ ನಡುಭಾಗ ಮಸುಕಾಗುತ್ತ ಬಂತು. ಅಂಚು ಕಾಣುತ್ತದೆ, ನಡುವೆ ಕಾಣುವುದಿಲ್ಲ. ನನ್ನತ್ತ ನೋಡಿದರೆ ಎರಡು ಬೆಂಡೋಲೆ ಕಾಣುತ್ತವಂತೆ, ಮುಖ ಇಲ್ಲ. "ನಿನಗ ಸಿಟ್ಟು ಬಂದದೋ ಇಲ್ಲೋ ತಿಳಿಯೂದೇ ಇಲ್ಲ, ಆರಾಮ ಅದ" ಎನ್ನುತ್ತಾರೆ. ಕಾರು ಓಡಿಸುವುದನ್ನು ಬಿಟ್ಟಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸೈಕಲ್ಲು ತುಳಿಯುವುದನ್ನು ಬಿಟ್ಟ ದಿನ ಊಟ ಮಾಡಲಿಲ್ಲ.

ಹಿಂದೆ ಅವರ ಜೊತೆ ಕೆಲಸ ಮಾಡಿದ ಫ್ರಾನ್ಸಿನವರೊಬ್ಬರು ತಮ್ಮೂರಿನ ನದಿ ಕಣಿವೆಯ ಬಗ್ಗೆ ಹೇಳುತ್ತಿದ್ದರಂತೆ. ಹೊಳೆಯ ಪಕ್ಕದಲ್ಲೇ ಜಲ್ಲಿ ಹಾಕಿದ ದಾರಿ, ಒಂದು ಕಾರೂ ಬರುವುದಿಲ್ಲ, ಹಳ್ಳಿಯಿಂದ ಹಳ್ಳಿಗೆ ದಿನಗಟ್ಟಲೆ ಸೈಕಲ್ಲಿನಲ್ಲಿ ಹೋಗಬಹುದು. ಅಂಚಾದರೂ ಉಳಿದಿರುವಾಗ ಅಲ್ಲಿಗೆ ಒಮ್ಮೆ ಹೋಗಬೇಕೆಂಬುದು ಇವರ ಆಸೆ. ಮಸುಕು ಇನ್ನೆಷ್ಟು ಹರಡುತ್ತದೋ ಡಾಕ್ಟರು ಹೇಳಲಾರರು.

ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿರುವ ಮಗಳು ಎಲ್ಲಿಂದಲೋ ಎರಡು ಸೀಟಿನ ಜೋಡಿ ಸೈಕಲ್ಲು ತಂದು ನಿಲ್ಲಿಸಿದಳು. ಜೊತೆಗೆ ಒಂದು ಷರತ್ತು. ಎವರೆಟ್ಟಿನ ಆಚೆ, ರೈಲು ಹಳಿ ಕಿತ್ತು ಜಲ್ಲಿ ಹಾಕಿರುವ ಹೊಳೆದಂಡೆಯ ದಾರಿಯಲ್ಲಿ, ಅವಳ ಕಣ್ಣೆದುರು ಇಪ್ಪತ್ತು ಮೈಲಿ ಒಂದು ಸಲವೂ ಬೀಳದೆ ಬರಬೇಕು. ಬಂದರೆ ಫ್ರಾನ್ಸ್, ಬಿದ್ದರೆ ಇಲ್ಲ. ಮುಂದಿನ ಸೀಟು, ಹ್ಯಾಂಡಲ್ಲು, ಬ್ರೇಕು ಎಲ್ಲ ನನ್ನವು. ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವಳು ನಾನು, ನಿಜ. ಆದರೆ ಆಗ ಹಿಂದೆ ಎಂಜಿನಿಯರ್ ಇರಲಿಲ್ಲ.

೧. ನಿಂಬೆಹಣ್ಣು

ಹೊಸ ವಾಹನವನ್ನು ಪೂಜೆಯಿಲ್ಲದೆ ಹತ್ತುವ ಮನೆತನ ನಮ್ಮದಲ್ಲ. ಹ್ಯಾಂಡಲ್ಲಿಗೆ ಹೂವು ಸುತ್ತಿ, ಸೈಕಲ್ಲಿಗೂ ನಮ್ಮವರ ಹಣೆಗೂ ಧಾರಾಳವಾಗಿ ಕುಂಕುಮ ಹಚ್ಚಿ, ಕಾಯಿ ಒಡೆದು, ಎರಡೂ ಗಾಲಿಯ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟೆ. ಇಬ್ಬರೂ ಹತ್ತಿ ಕೂತೆವು.

"ಹೂಂ, ತುಳೀರಿ" ಎಂದೆ.

ಕಾರಾದರೆ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮುಂದೆ ಹೋಗುತ್ತದೆ. ನಮ್ಮ ಮುಂದಿನ ಗಾಲಿ ಫ್ರಿಜ್ಜಿನಿಂದ ತೆಗೆದ ಆ ಗಟ್ಟಿ ಹಣ್ಣಿನ ಮೇಲೆ ಹತ್ತಿ, ಒಂದು ಗಳಿಗೆ ಯೋಚನೆ ಮಾಡಿ, ಪಕ್ಕಕ್ಕೆ ಜಾರಿತು. ಇಬ್ಬರೂ ಹುಲ್ಲಿನ ಮೇಲೆ. ಪಕ್ಕದ ಮನೆಯಾಕೆ ಓಡಿ ಬಂದವಳು ನಮ್ಮವರ ಹಣೆ ನೋಡಿ ಕಿರುಚಿ, ಆಂಬುಲೆನ್ಸಿಗೆ ಫೋನ್ ತೆಗೆದಳು. ಅದು ರಕ್ತವಲ್ಲ, ಕ್ಷೇಮವಾಗಿರಲೆಂದು ಹಚ್ಚಿದ್ದು ಎಂದು ನಾನು ನೆಲದ ಮೇಲೆ ಕೂತೇ ವಿವರಿಸಬೇಕಾಯಿತು.

ಸಂಜೆ ನೋಟ್‌ಬುಕ್ಕಿನಲ್ಲಿ ಬರೆದೆ. ದೂರ: ಎರಡು ಅಡಿ. ಬಿದ್ದದ್ದು: ಒಂದು ಸಲ. ತಪ್ಪು: ಯಾರದೂ ಅಲ್ಲ. ಐದನೆಯ ಕಾಲಮ್ಮಿಗೆ ನಮ್ಮವರು ಹೇಳಿ ಬರೆಸಿದರು: "ಹಂಗಾರ ದೇವರದೇನು?"

೨. ಹಸಿರು ಗಿಡ

ಅಭ್ಯಾಸಕ್ಕೆಂದು ಹೋದ ಹೊಳೆದಂಡೆಯ ಆ ಕಾರಿಲ್ಲದ ದಾರಿ ಎಷ್ಟು ನಿಶ್ಶಬ್ದವೆಂದರೆ, ಗಾಲಿಯ ಕೆಳಗಿನ ಜಲ್ಲಿಯ ಸಪ್ಪಳವೇ ದೊಡ್ಡದು. ಮೊದಲ ವಾರ ಹಿಂದಿನಿಂದ ಪ್ರಶ್ನೆ ಬಂತು.

"ಏನ ಕಾಣಸ್ತದ, ಹೇಳು."

"ಗಿಡ."

"ಎಂಥಾ ಗಿಡ?"

"ಹಸರ ಗಿಡ."

"ನಿಂದು ಬಾಟನಿ ಅಲ್ಲೇನು?"

ಆ ಮಾತು ನನಗೆ ಚುಚ್ಚಿತು. ಮರುದಿನವೇ ಲೈಬ್ರರಿಗೆ ಹೋಗಿ ಮೂರು ದಪ್ಪ ಪುಸ್ತಕ ತಂದೆ. ಪರೀಕ್ಷೆಗೆ ಓದಿದಂತೆ ಓದಿ, ಟಿಪ್ಪಣಿ ಮಾಡಿ, ಮುಂದಿನ ವಾರ ಸೈಕಲ್ ಹತ್ತಿದ ಕೂಡಲೇ ಶುರು ಮಾಡಿದೆ. ಬಲಗಡೆ ಆಲ್ಡರ್, ಎಲೆಯ ಅಂಚು ಗರಗಸದ ಹಲ್ಲಿನ ಹಾಗೆ, ಒಳಮುಖವಾಗಿ ಕೊಂಚ ಮಡಿಚಿದೆ, ತೊಗಟೆಯ ಮೇಲಿನ ಬಿಳಿ ಕಲೆ ಮರದ್ದಲ್ಲ, ಅದು ಲೈಕೆನ್ ಎಂಬ ಕಲ್ಲುಹೂವು, ಎಡಗಡೆ ಸೀಡರ್, ಎಲೆ ಹಲ್ಲಿ ಚರ್ಮದಂತೆ ಪದರ ಪದರ. ಹೀಗೆ ಅರ್ಧ ಮೈಲಿ.

"ಕೇಳಸ್ತದ ಇಲ್ರೀ?"

"ಕೇಳಸ್ತದ" ಎಂದರು. "ಹಸರ ಗಿಡನ ಛಲೋ ಇತ್ತು."

೩. ಒಂದೇ ಜೋಕು

ಜೋಡಿ ಸೈಕಲ್ಲು ಕಂಡರೆ ಈ ದೇಶದವರಿಗೆ ಒಂದೇ ಜೋಕು ನೆನಪಾಗುತ್ತದೆ. ನಾಯಿ ಹಿಡಿದು ಬರುವವರು, ಓಡುವವರು, ಮಗುವಿನ ಗಾಡಿ ತಳ್ಳುವವರು, ಎಲ್ಲರೂ ನನ್ನತ್ತ ನೋಡಿ ಕೂಗುತ್ತಾರೆ: "ಹಿಂದಿನವರು ಪೆಡಲ್ ತುಳಿಯುತ್ತಲೇ ಇಲ್ಲ!" ಮೊದಲ ತಿಂಗಳಲ್ಲೇ ಹದಿನೇಳು ಮಂದಿ, ಎಣಿಸಿಟ್ಟಿದ್ದೇನೆ. ಪ್ರತಿ ಸಲವೂ ನಮ್ಮವರು ಹಿಂದಿನಿಂದ, "ತುಳೀಲಿಕತ್ತೀನಿ!" ಎಂದು ಕನ್ನಡದಲ್ಲೇ ರೇಗುತ್ತಾರೆ.

ಒಂದು ದಿನ ಸಣ್ಣ ಏರು. ನನಗೆ ಏದುಸಿರು. ಬೆಂಚಿನ ಮೇಲೆ ಹೆಂಡತಿಯೊಡನೆ ಕೂತಿದ್ದ ಮುದುಕರೊಬ್ಬರು ಅದೇ ಜೋಕು ಹಾರಿಸಿದರು. ನಾನು ಬ್ರೇಕ್ ಹಿಡಿದು, ಕಾಲೂರಿ, ಇಂಗ್ಲಿಷಿನಲ್ಲಿ ಹೇಳಿದೆ: "ನನಗೆ ಗೊತ್ತು. ಮೂವತ್ತಾರು ವರ್ಷದಿಂದ ಹೀಗೇ." ಮುದುಕರ ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮನೆ ಮುಟ್ಟುವವರೆಗೆ ನಮ್ಮವರು ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದರು. ನೊಂದುಕೊಂಡರೇನೋ ಎಂದು ನನಗೆ ಒಳಗೊಳಗೇ ಸಂಕಟ. ರಾತ್ರಿ ಊಟಕ್ಕೆ ಕೂತಾಗ ನೋಟ್‌ಬುಕ್ ತರಹೇಳಿದರು. ಆಕ್ಷೇಪಣೆ ಒಂದೇ ಇತ್ತು: "ಮೂವತ್ತೇಳು ವರ್ಷ."

೪. ಪರೀಕ್ಷೆ

ಕೊನೆಗೆ ಮಗಳು ರಜೆ ಹಾಕಿ ಬಂದಳು. ನಾವು ಮುಂದೆ, ಅವಳು ತನ್ನ ಸೈಕಲ್ಲಿನಲ್ಲಿ ಸ್ವಲ್ಪ ಹಿಂದೆ, ಪರೀಕ್ಷಕರ ಮುಖ ಹೊತ್ತು. ಹೋಗುವಾಗ ಹತ್ತು ಮೈಲಿ ಚೆನ್ನಾಗಿ ಆಯಿತು. ನಾನು ಈಗ ಎಲೆಯ ಅಂಚಿನ ಗೊಡವೆಗೆ ಹೋಗುವುದಿಲ್ಲ. "ಹೊಳಿ ಇವತ್ತ ತಿಕ್ಕಿಟ್ಟ ತಂಬಿಗಿ ಹಂಗ ಹೊಳೀಲಿಕತ್ತದ್ರೀ" ಎಂದೆ. "ಇದು ಮಾತು ನೋಡು" ಎಂದು ಬೆನ್ನು ತಟ್ಟಿದರು.

ಬರುವಾಗ, ಹದಿನೇಳನೆಯ ಮೈಲಿಯಲ್ಲಿ, ತುಂತುರು ಶುರುವಾಯಿತು. ಇಲ್ಲಿಯ ಮಳೆ ಸುರಿಯುವುದಿಲ್ಲ, ಅಂಟಿಕೊಳ್ಳುತ್ತದೆ. ನನ್ನ ಕನ್ನಡಕದ ಹೊರಗೆ ಹನಿ, ಒಳಗೆ ಉಸಿರಿನ ಮಂಜು. ಕನ್ನಡಕ ತೆಗೆದರೂ ನನಗೆ ಕತ್ತಲೆಯೇ. ನಿಲ್ಲಿಸಿ ಒರೆಸಿಕೊಳ್ಳೋಣವೆಂದರೆ, ಅಲ್ಲಿಯವರೆಗೆ ನಾವು ಬಿದ್ದ ಹನ್ನೊಂದು ಸಲದಲ್ಲಿ ಒಂಬತ್ತು ಸಲ ಬಿದ್ದದ್ದು ನಿಂತು ಮತ್ತೆ ಹೊರಡುವಾಗಲೇ.

"ಯಾಕ ಸುಮ್ಮನಾದಿ? ಏನ ಕಾಣಸ್ತದ?"

"ಏನೂ ಕಾಣಸವಲ್ತ್ರೀ" ಎಂದು ಪಿಸುಗುಟ್ಟಿದೆ. "ಚಷ್ಮಾ ಪೂರಾ ಮಂಜಾಗ್ಯದ."

ಬಿದ್ದರೆ ಇವರ ಕಣಿವೆ ಹೋಯಿತು; ಬರುವ ವರ್ಷಕ್ಕೆ ಅಂಚು ಇರುತ್ತದೋ ಇಲ್ಲವೋ. ಆಗ ಹಿಂದಿನಿಂದ, ವಿಮಾನ ಕಟ್ಟುತ್ತಿದ್ದ ಕಾಲದ ಅವರ ಶಾಂತ ದನಿ ಬಂತು.

"ನನಗ ನಡುವ ಕಾಣೂದಿಲ್ಲ ಖರೆ. ನಡುವ ಹೆಂಗೂ ನಿನ್ನ ಬೆನ್ನ ಅದ. ಎರಡೂ ಕಡೆ ಹುಲ್ಲು ಕಾಣಸ್ತದ. ನಾ ಹೇಳಿದ್ಹಂಗ ಹೊಡಿ. ಸ್ವಲ್ಪ ಬಲಕ್ಕ. ಸಾಕು. ಹಂಗ. ಬರ್ಲಿ."

ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಅವರು ಹೇಳಿದ್ದಕ್ಕೆ ಎದುರು ಮಾತಾಡದೆ ನಡೆದುಕೊಂಡೆ. ಎಡಕ್ಕ ಎಂದರೆ ಎಡಕ್ಕೆ. ಮೆಲ್ಲಗ ಎಂದರೆ ಮೆಲ್ಲಗೆ. "ಹಲಗಿ ಸೇತುವಿ ಬಂತು, ಸೀದಾ ಹಿಡಿ" ಎಂದರು. ಗಾಲಿಯ ಕೆಳಗೆ ಹಲಗೆ ಗಡಗಡ ಎಂದಾಗ ಉಸಿರು ಹಿಡಿದೆ. ಪುಣ್ಯಕ್ಕೆ ಮಳೆಗೆ ಹೆದರಿ ದಾರಿಯಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ "ಬ್ರೇಕ್" ಎಂದರು. ಹಿಡಿದೆ. ನಾಲ್ಕೂ ಕಾಲು ನೆಲದ ಮೇಲೆ, ಇಬ್ಬರೂ ನೆಟ್ಟಗೆ ನಿಂತಿದ್ದೆವು.

ಮಗಳು ಸೈಕಲ್ ಎಸೆದು ಓಡಿ ಬಂದು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ಮಳೆಯಲ್ಲೇ ನಿಂತು ಫೋನ್ ತೆಗೆದು, ತನ್ನದೂ ಸೇರಿಸಿ ಫ್ರಾನ್ಸಿಗೆ ಮೂರು ಟಿಕೆಟ್ ಬುಕ್ ಮಾಡಿ ಮುಗಿಸಿದಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಇಂಗ್ಲಿಷಿನಲ್ಲಿ ಕೇಳಿದಳು: "ಅಮ್ಮಾ, ಕೊನೆಯ ಮೂರು ಮೈಲಿ ಎಷ್ಟು ಚೆನ್ನಾಗಿ ಬಂದಿರಿ! ಒಂದು ಸಲವೂ ಓಲಾಡಲಿಲ್ಲ, ಒಂದು ಜಗಳವಿಲ್ಲ. ಏನು ಮಾಡಿದಿರಿ? ಫ್ರಾನ್ಸಿನಲ್ಲೂ ಹಾಗೇ ಮಾಡಿ."

ನಾನು ಜಾಕೆಟ್ಟಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತ ಆಕಾಶ ನೋಡಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಮ್ಮವರು ಉತ್ತರ ಕೊಟ್ಟೇಬಿಟ್ಟರು.

"ಏನಿಲ್ಲವ್ವಾ, ಇಬ್ಬರಿಗೂ ದಾರಿ ಕಾಣಸ್ತಿದ್ದಿಲ್ಲ."